ಅಡಿಯಲ್ಲಿ ಎಂತ ಉಂಟು?

ಎಂತದೂ ಇಲ್ಲ ಅಂತ ಮಾತ್ರ ಹೇಳಬೇಡಿ ಅಕ್ಕ. ನಿಮ್ಮ ಮಗನ ಬೋಟಿನ ಫಿಶ್ ಫೈಂಡರಿನಲ್ಲಿ ಬಣ್ಣಬಣ್ಣದ ಗೆರೆಯಾಗಿ ಕಾಣುವ ತಳ ಉಂಟಲ್ಲ, ಅದು ಕಡಲಿನ ಅಂಚು ಮಾತ್ರ. ಮಲ್ಪೆಯಿಂದ ನೇರ ಪಡುವಣಕ್ಕೆ ಹೋದರೆ ಬಹಳ ದೂರದವರೆಗೆ ನೀರು 200 ಮೀಟರ್ ಆಳ ದಾಟುವುದಿಲ್ಲ. ಆಮೇಲೆ ತಳ ಜಾರುತ್ತಾ ಜಾರುತ್ತಾ 2,000 ಮೀಟರ್, 3,000 ಮೀಟರ್, ಕೆಲವು ಕಡೆ 4,000 ಮೀಟರ್ ಕೂಡ ದಾಟುತ್ತದೆ. ಅಲ್ಲಿಗೆ ನಮ್ಮ ಬಲೆ ಮುಟ್ಟುವುದಿಲ್ಲ. ಬಲೆ ಮುಟ್ಟದ ಜಾಗದಲ್ಲಿ ಎಂತ ಉಂಟು ಅಂತ ಬಂದರಿನಲ್ಲಿ ಯಾರೂ ಕೇಳುವುದಿಲ್ಲ. ನೀವು ಕೇಳಿದಿರಿ. ಕೇಳಿದ ಮೇಲೆ ಪಾಗಾರದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನು ನಾನು. ಈ ವಿಷಯ ಬಂದರೆ ಚುಟುಕಾಗಿ ಹೇಳಿ ಮುಗಿಸಲು ನನ್ನಿಂದ ಆಗುವುದಿಲ್ಲ.

ಏನೂ ಇಲ್ಲ ಎನ್ನುವ ಮಾತನ್ನು ದೊಡ್ಡ ವಿದ್ವಾಂಸರೇ ಹೇಳಿದ್ದುಂಟು. ಎಡ್ವರ್ಡ್ ಫೋರ್ಬ್ಸ್ ಅಂತ ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞರು, 1841ರಲ್ಲಿ ಗ್ರೀಸಿನ ಬಳಿಯ ಏಜಿಯನ್ ಕಡಲಿನಲ್ಲಿ ಬೀಕನ್ ಎಂಬ ಹಡಗಿನಿಂದ ತಳ ಕೆರೆಯುವ ಬಲೆ ಇಳಿಸಿ ನೋಡಿದರು. ಆಳ ಹೆಚ್ಚಿದ ಹಾಗೆ ಜೀವಿಗಳು ಕಡಿಮೆಯಾಗುತ್ತಾ ಬಂದವು. ಆ ಲೆಕ್ಕವನ್ನೇ ಮುಂದಕ್ಕೆ ಎಳೆದು, ಸುಮಾರು 300 ಮಾರಿನ ಕೆಳಗೆ, ಅಂದರೆ 550 ಮೀಟರಿನ ಕೆಳಗೆ, ಜೀವವೇ ಇರಲಾರದು ಎಂದರು. ನಂಬುವ ಹಾಗೆಯೇ ಇತ್ತು ಆ ಮಾತು. ಅಲ್ಲಿ ಬೆಳಕಿಲ್ಲ, ಚಳಿ ಬೇರೆ, ಮೇಲಿನ ನೀರಿನ ಭಾರವೋ ಭಯಂಕರ. ಅದಕ್ಕೂ 23 ವರ್ಷ ಮೊದಲು, 1818ರಲ್ಲಿ, ಜಾನ್ ರಾಸ್ ಎಂಬ ನಾವಿಕರು ಉತ್ತರದ ಬ್ಯಾಫಿನ್ ಕೊಲ್ಲಿಯಲ್ಲಿ ಬಹಳ ಆಳದಿಂದ ಹುಳುಗಳನ್ನೂ ಒಂದು ನಕ್ಷತ್ರಮೀನಿನ ಜಾತಿಯ ಜೀವಿಯನ್ನೂ ಮೇಲೆತ್ತಿದ್ದರು. ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊನೆಗೆ ಬಾಯಿ ಮುಚ್ಚಿಸಿದ್ದು ಟೆಲಿಗ್ರಾಫ್ ತಂತಿ. 1860ರಲ್ಲಿ ಸಾರ್ಡೀನಿಯಾ ದ್ವೀಪಕ್ಕೂ ಅಲ್ಜೀರಿಯಾಕ್ಕೂ ನಡುವೆ ಹಾಕಿದ್ದ ತಂತಿ ಕೆಟ್ಟಿತು ಅಂತ ಮೇಲೆತ್ತಿದರೆ, ಸಾವಿರ ಮಾರಿಗಿಂತ ಆಳದಲ್ಲಿದ್ದ ತುಂಡಿಗೆ ಹವಳದ ಜೀವಿಗಳು ಅಂಟಿಕೊಂಡಿದ್ದವು. ಅಂಟಿಕೊಂಡು ಬೆಳೆದದ್ದು ದಾರಿಯಲ್ಲಿ ಸಿಕ್ಕಿದ್ದು ಅಂತ ಹೇಳಲಿಕ್ಕೆ ಬರುವುದಿಲ್ಲವಲ್ಲ.

ಇನ್ನೊಂದು ನಂಬಿಕೆ ಇತ್ತು ಗೊತ್ತುಂಟಾ? ಕೆಳಗೆ ಹೋದ ಹಾಗೆ ನೀರು ದಪ್ಪವಾಗುತ್ತಾ ಹೋಗುತ್ತದೆ, ಹಾಗಾಗಿ ಮುಳುಗಿದ ಹೆಣ ಒಂದು ಮಟ್ಟದಲ್ಲಿ, ಲಂಗರು ಇನ್ನೊಂದು ಮಟ್ಟದಲ್ಲಿ, ಚಿನ್ನದ ನಾಣ್ಯ ಅದಕ್ಕಿಂತ ಕೆಳಗೆ, ಹೀಗೆ ಎಲ್ಲವೂ ನಡುನೀರಿನಲ್ಲಿ ತೇಲುತ್ತಾ ನಿಲ್ಲುತ್ತವೆ ಅಂತ. ಚಿಕ್ಕಂದಿನಲ್ಲಿ ತಾನೂ ಇದನ್ನು ನಂಬಿದ್ದೆ ಅಂತ ವೈವಿಲ್ ಥಾಮ್ಸನ್ ಎಂಬ ವಿಜ್ಞಾನಿ ಬರೆದಿದ್ದಾರೆ. ನಿಜ ಏನೆಂದರೆ ನೀರು ಅಷ್ಟು ಸುಲಭಕ್ಕೆ ಅದುಮಿಸಿಕೊಳ್ಳುವುದಿಲ್ಲ. ಹತ್ತು ಕಿಲೋಮೀಟರ್ ಆಳದಲ್ಲೂ ಅದರ ಸಾಂದ್ರತೆ ಶೇಕಡಾ ಐದರಷ್ಟು ಹೆಚ್ಚಬಹುದು, ಅಷ್ಟೆ. ಮುಳುಗಿದ್ದು ತಳ ಮುಟ್ಟಿಯೇ ನಿಲ್ಲುತ್ತದೆ.

ಈ ಥಾಮ್ಸನ್ ಅವರೇ ಚಾಲೆಂಜರ್ ಹಡಗಿನ ವಿಜ್ಞಾನಿಗಳ ಮುಖ್ಯಸ್ಥರು. ಚಾಲೆಂಜರ್ ಬ್ರಿಟನ್ನಿನ ಯುದ್ಧನೌಕೆ. ಅದರ ತೋಪುಗಳಲ್ಲಿ ಹೆಚ್ಚಿನವನ್ನು ಇಳಿಸಿ, ಆ ಜಾಗದಲ್ಲಿ ಪ್ರಯೋಗಾಲಯ ಮಾಡಿ, ಸೀಸೆಗಳನ್ನೂ ಮದ್ಯಸಾರದ ಪೀಪಾಯಿಗಳನ್ನೂ ಮೈಲುಗಟ್ಟಲೆ ಹಗ್ಗವನ್ನೂ ತುಂಬಿಸಿದರು. ಯುದ್ಧಕ್ಕೆಂದು ಕಟ್ಟಿದ ಹಡಗನ್ನು ಕಡಲು ಓದಲಿಕ್ಕೆ ಕಳಿಸಿದರಲ್ಲ, ಅದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ. 1872ರ ಡಿಸೆಂಬರ್ 21ಕ್ಕೆ ಪೋರ್ಟ್ಸ್‌ಮತ್ ಬಿಟ್ಟದ್ದು 1876ರ ಮೇ 24ಕ್ಕೆ ಇಂಗ್ಲೆಂಡಿಗೆ ತಿರುಗಿ ಬಂತು. ಮೂರೂವರೆ ವರ್ಷ, ಸುಮಾರು 1,27,000 ಕಿಲೋಮೀಟರ್.

ಹಗ್ಗ ತಳ ಮುಟ್ಟಿದ್ದು ಹೇಗೆ ಗೊತ್ತಾಗುವುದು ಅಂತ ಕೇಳಿದಿರಾ? ಒಳ್ಳೆಯ ಪ್ರಶ್ನೆ. ನಿಮ್ಮ ಬಾವಿಗೆ ಕೊಡಪಾನ ಇಳಿಸುವಾಗ, ಅದು ನೀರು ಮುಟ್ಟಿದ ಕೂಡಲೇ ಹಗ್ಗ ಸಡಿಲವಾದದ್ದು ಕೈಗೆ ಗೊತ್ತಾಗುತ್ತದೆ. ನಾಲ್ಕು ಸಾವಿರ ಮಾರು ಹಗ್ಗ ನೀರಿನಲ್ಲಿರುವಾಗ ಹಾಗಾಗುವುದಿಲ್ಲ. ಹಗ್ಗದ ತೂಕವೇ ಅದನ್ನು ಎಳೆಯುತ್ತಾ ಇರುತ್ತದೆ. ಹಾಗಾಗಿ ಅವರು ಹಗ್ಗಕ್ಕೆ ಗುರುತು ಕಟ್ಟಿ, ಪ್ರತಿ ನೂರು ಮಾರು ಹೋಗಲಿಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿ ಬರೆಯುತ್ತಿದ್ದರು. ತುದಿಯಲ್ಲಿ ಕ್ವಿಂಟಾಲಿಗಿಂತ ಹೆಚ್ಚು ಕಬ್ಬಿಣ. ಅದು ತಳ ಮುಟ್ಟಿದ ಮೇಲೆ ಹಗ್ಗ ಓಡುವ ವೇಗ ತಟ್ಟನೆ ಕಡಿಮೆಯಾಗುತ್ತದೆ. ಅಲ್ಲಿಗೆ ಆಳ ಇಷ್ಟು ಅಂತ ಲೆಕ್ಕ. ಆ ಕಬ್ಬಿಣ ಕಳಚಿಕೊಂಡು ಕೆಳಗೇ ಉಳಿಯುತ್ತದೆ, ಕೆಸರು ತುಂಬಿದ ಕೊಳವೆ ಮಾತ್ರ ಮೇಲೆ ಬರುತ್ತದೆ. ಇಷ್ಟಾಗಲಿಕ್ಕೆ ತಾಸುಗಟ್ಟಲೆ ಬೇಕು. ಅಷ್ಟು ಹೊತ್ತು ಹಾಯಿ ಮಡಚಿ, ಉಗಿಯ ಎಂಜಿನಿನ ಬಲದಲ್ಲಿ ಹಡಗನ್ನು ಹಗ್ಗದ ನೇರಕ್ಕೇ ನಿಲ್ಲಿಸಿಕೊಳ್ಳಬೇಕು. ಹೀಗೆ ನಿಲ್ದಾಣ ಅಂತ ಲೆಕ್ಕ ಹಾಕಿ ನಿಂತದ್ದು 362 ಕಡೆ.

ಪುಸ್ತಕಗಳಲ್ಲಿ ಇದನ್ನೆಲ್ಲ ಸಾಹಸ ಅಂತ ಬರೆಯುತ್ತಾರೆ. ಹಗ್ಗ ಎಳೆದವರಿಗೆ ಅದು ಬೇಸರದ ಕೆಲಸ. ಮೊದಮೊದಲು ಬಲೆ ಮೇಲೆ ಬಂದರೆ ಎಲ್ಲರೂ ಓಡಿ ಬರುತ್ತಿದ್ದರಂತೆ, ಬರಬರುತ್ತಾ ವಿಜ್ಞಾನಿಗಳನ್ನು ಬಿಟ್ಟರೆ ಯಾರೂ ತಲೆ ಎತ್ತಿ ನೋಡದ ಹಾಗಾಯಿತು. ಸುಮಾರು 240 ಜನರಲ್ಲಿ 60ರಷ್ಟು ಮಂದಿ ದಾರಿಯಲ್ಲಿ ಸಿಕ್ಕಿದ ಬಂದರುಗಳಲ್ಲಿ ಹಡಗು ಬಿಟ್ಟು ಓಡಿಹೋದರು. ವಿಲಿಯಂ ಸ್ಟೋಕ್ಸ್ ಅಂತ ಒಬ್ಬ ಹುಡುಗ ಇದ್ದ. 1873ರಲ್ಲಿ, ಹೊರಟ ಮೊದಲ ವರ್ಷವೇ, ಬಲೆಯ ಹಗ್ಗದ ಭಾರಕ್ಕೆ ರಾಟೆ ಕಿತ್ತು ಬಡಿದು ಸತ್ತುಹೋದ. ಜರ್ಮನಿಯ ಯುವ ವಿಜ್ಞಾನಿ ವಿಲ್ಲೆಮೋಸ್ ಸೂಮ್ ಕಾಯಿಲೆ ಬಂದು ಶಾಂತಸಾಗರದ ನಡುವೆ ತೀರಿಕೊಂಡರು. ಕಡಲ ಕೆಲಸ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ ಅಕ್ಕ. ಸ್ಟೋಕ್ಸನ ಹೆಸರನ್ನು ನಾನು ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಪರೀಕ್ಷೆಗೆ ಬರುವುದಿಲ್ಲ ಅಂತ ಮಕ್ಕಳು ಬರೆದುಕೊಳ್ಳುತ್ತಿರಲಿಲ್ಲ, ಆದರೂ ಹೇಳುತ್ತಿದ್ದೆ.

1875ರ ಮಾರ್ಚ್ 23ಕ್ಕೆ ಮರಿಯಾನಾ ದ್ವೀಪಗಳ ದಕ್ಷಿಣಕ್ಕೆ ಹಗ್ಗ ಇಳಿಸಿದರು. ಇಳಿಯಿತು, ಇಳಿಯಿತು, 4,475 ಮಾರು. ಅಂದರೆ ಸುಮಾರು 8,184 ಮೀಟರ್. ಒಂದು ಸಲ ಅಳೆದದ್ದು ಸಾಲದು ಅಂತ ಮತ್ತೊಮ್ಮೆ ಅಳೆದು ಖಚಿತ ಮಾಡಿಕೊಂಡರು. ಕಳಿಸಿದ ಥರ್ಮಾಮೀಟರುಗಳಲ್ಲಿ ಕೆಲವು ಒತ್ತಡಕ್ಕೆ ಪುಡಿಯಾಗಿ ಬಂದವು. ಅದು ಭೂಮಿಯ ಅತ್ಯಂತ ಆಳದ ಕಮರಿಯ ಹತ್ತಿರದ ಜಾಗ. ಅವರಿಗೆ ಆಗ ಅದು ತಿಳಿಯುವ ಹಾಗಿರಲಿಲ್ಲ.

ಇನ್ನೊಂದು ಕಥೆಯನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹಕ್ಸ್ಲಿ ಅಂತ ಹೆಸರು ಕೇಳಿರಬಹುದು, ಡಾರ್ವಿನ್ ಪರವಾಗಿ ವಾದ ಮಾಡಿದವರು. 1868ರಲ್ಲಿ ಅವರು ಹತ್ತು ವರ್ಷದಿಂದ ಸೀಸೆಯಲ್ಲಿಟ್ಟಿದ್ದ ಕಡಲ ಕೆಸರಿನಲ್ಲಿ ಲೋಳೆಯಂಥದ್ದೊಂದು ಕಂಡು, ಇದು ಜೀವದ ಮೂಲರೂಪ, ಇಡೀ ಕಡಲಿನ ತಳದಲ್ಲಿ ಹಾಸಿಕೊಂಡಿರಬೇಕು ಎಂದರು. ಬಾಥಿಬಿಯಸ್ ಅಂತ ಹೆಸರೂ ಇಟ್ಟರು. ಚಾಲೆಂಜರಿನವರು ಹುಡುಕಿದ್ದೇ ಹುಡುಕಿದ್ದು. ಹೊಸ ಕೆಸರಿನಲ್ಲಿ ಲೋಳೆಯೇ ಇಲ್ಲ. ಹಡಗಿನ ರಸಾಯನಶಾಸ್ತ್ರಜ್ಞರಾದ ಬುಕಾನನ್ ಕೊನೆಗೆ ಗುಟ್ಟು ಕಂಡುಹಿಡಿದರು. ಕಡಲ ನೀರಿಗೆ ಮದ್ಯಸಾರ ಬೆರೆಸಿದರೆ ಕ್ಯಾಲ್ಸಿಯಂ ಸಲ್ಫೇಟ್ ಲೋಳೆಯ ಹಾಗೆ ಒಡೆದು ನಿಲ್ಲುತ್ತದೆ. ಸೀಸೆಯಲ್ಲಿ ಕಂಡದ್ದು ಅದು. ಸುದ್ದಿ ತಲುಪಿದ ಕೂಡಲೇ ಹಕ್ಸ್ಲಿ ತಾನು ಹೇಳಿದ್ದು ತಪ್ಪು ಅಂತ ಎಲ್ಲರಿಗೂ ಗೊತ್ತಾಗುವ ಹಾಗೆ ಅಚ್ಚು ಮಾಡಿಸಿದರು. ಅಷ್ಟು ದೊಡ್ಡ ಹೆಸರಿನವರು! ಹಡಗು ತಂದ 4,700ರಷ್ಟು ಹೊಸ ಜೀವಜಾತಿಗಳಿಗೆ ಎಷ್ಟು ಬೆಲೆಯೋ, ಇಲ್ಲದ ಒಂದು ಜೀವಿಯನ್ನು ಇಲ್ಲ ಅಂತ ತೋರಿಸಿದ್ದಕ್ಕೂ ಅಷ್ಟೇ ಬೆಲೆ ಅಂತ ನನ್ನ ಅಭಿಪ್ರಾಯ. ವರದಿ 50 ಸಂಪುಟ. ಮುಗಿಯುವಾಗ 1895. ಥಾಮ್ಸನ್ ಅಷ್ಟು ವರ್ಷ ಬದುಕಲಿಲ್ಲ, 52ಕ್ಕೇ ಹೋದರು. ಮುಗಿಸಿದವರು ಅದೇ ಹಡಗಿನಲ್ಲಿ ಹೋಗಿದ್ದ ಜಾನ್ ಮರ್ರೆ.

ಈ ಮರ್ರೆ ಹೆಸರನ್ನು ನೆನಪಿಡಿ, ಯಾಕೆಂದರೆ ಈಗ ನಮ್ಮ ಕಡಲಿಗೆ ಬರುತ್ತೇನೆ. ಚಾಲೆಂಜರ್ ಅರಬ್ಬೀ ಕಡಲಿಗೆ ಬರಲೇ ಇಲ್ಲ. ಆಫ್ರಿಕದ ತುದಿಯಿಂದ ದಕ್ಷಿಣಕ್ಕೆ ಇಳಿದು, ಹಿಮಗಡ್ಡೆಗಳ ಪಕ್ಕದಲ್ಲಿ ಹಾದು, ಆಸ್ಟ್ರೇಲಿಯಕ್ಕೆ ಹೋಯಿತು. ನಮ್ಮ ಕಡೆ ಕೆಲಸ ಮಾಡಿದ್ದು ಮುಂಬಯಿಯ ಇನ್ವೆಸ್ಟಿಗೇಟರ್ ಹಡಗು, ಆಮೇಲೆ ಮಬಾಹಿಸ್ ಎಂಬ ಪುಟ್ಟ ಹಡಗು. ಮಬಾಹಿಸ್ ಈಜಿಪ್ಟಿನದ್ದು, ಅದರ ನಾವಿಕರೂ ಹೆಚ್ಚಿನವರು ಈಜಿಪ್ಟಿನವರು. ಖರ್ಚಿಗೆ ದುಡ್ಡು ಮಾತ್ರ ಮರ್ರೆಯವರದ್ದು, ಅದೂ ಅವರು ಸತ್ತು ಇಪ್ಪತ್ತು ವರ್ಷ ಆಗುತ್ತಾ ಬಂದ ಮೇಲೆ. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ ರಂಜಕದ ಗೊಬ್ಬರದ ಕಲ್ಲು ಉಂಟು ಅಂತ ಮರ್ರೆ ಗುರುತಿಸಿದ್ದರು. ಗಣಿ ಕಂಪೆನಿ ಬಂತು, ಲಾಭ ಬಂತು. ಸರಕಾರಕ್ಕೆ ಅದರಿಂದ ಸಂದ ತೆರಿಗೆಯೇ ಚಾಲೆಂಜರಿನ ಇಡೀ ಖರ್ಚನ್ನು ಮೀರಿಸಿತು ಅಂತ ಅವರು ಹೇಳುತ್ತಿದ್ದರು. 1914ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಕಡಲಿನ ಅಧ್ಯಯನಕ್ಕೆಂದೇ ಹಣ ಇಟ್ಟು ಹೋಗಿದ್ದರು. ಅದೇ ಹಣದಲ್ಲಿ 1933ರಿಂದ 34ರವರೆಗೆ ಮಬಾಹಿಸ್ ಅರಬ್ಬೀ ಕಡಲನ್ನು ಅಡ್ಡಡ್ಡ ಹಾದು ನೋಡಿತು. ಮುಖ್ಯಸ್ಥರು ಸೀಮೋರ್ ಸೆವೆಲ್, ಭಾರತದ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ನಿರ್ದೇಶಕರಾಗಿದ್ದವರು.

ಅವರು ಹಗ್ಗ ಬಿಡಲಿಲ್ಲ, ಸದ್ದು ಬಿಟ್ಟರು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಮೇಲಿನಿಂದ ಸದ್ದು ಕಳಿಸಿ, ತಳಕ್ಕೆ ಬಡಿದು ವಾಪಸು ಬರುವ ಹೊತ್ತನ್ನು ಅಳೆದರೆ ಆಳ ಸಿಕ್ಕಿತು. ಚಾಲೆಂಜರ್ ಆ ಮರಿಯಾನಾದಲ್ಲಿ ತಾಸುಗಟ್ಟಲೆ ಅಳೆದದ್ದಕ್ಕೆ ಹೀಗಾದರೆ ಹನ್ನೊಂದು ಸೆಕೆಂಡು ಸಾಕು. ಜರ್ಮನಿಯ ಮೀಟಿಯೋರ್ ಹಡಗು 1925ರಿಂದ 27ರವರೆಗೆ ದಕ್ಷಿಣ ಅಟ್ಲಾಂಟಿಕನ್ನು ಹಲವು ಸಲ ದಾಟಿ, 67,000ದಷ್ಟು ಕಡೆ ಹೀಗೆ ಅಳೆಯಿತು. ನಿಮ್ಮ ಮಗನ ಫಿಶ್ ಫೈಂಡರಿನ ಒಳಗಿರುವುದೂ ಇದೇ ವಿದ್ಯೆ.

ಮಬಾಹಿಸ್ ಎರಡು ವಿಷಯ ತಂದಿತು. ಮೊದಲನೆಯದು, ಅರೇಬಿಯಾದ ತೀರದ ಆಚೆ ಕೆಲವು ಆಳಗಳಲ್ಲಿ ಕೆಸರು ಎತ್ತಿದರೆ ಕೊಳೆತ ಮೊಟ್ಟೆಯ ವಾಸನೆ, ಪ್ರಾಣಿಗಳೇ ಇಲ್ಲ. ಅರಬ್ಬೀ ಕಡಲಿನಲ್ಲಿ ಸುಮಾರು 150 ಮೀಟರಿನಿಂದ 1,000 ಮೀಟರ್ ದಾಟುವವರೆಗೆ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಪಾಪ, ಫೋರ್ಬ್ಸ್ ಇಲ್ಲಿ ಬಲೆ ಇಳಿಸಿದ್ದರೆ ಅವರ ಮಾತಿಗೆ ಸ್ವಲ್ಪ ಆಧಾರ ಸಿಗುತ್ತಿತ್ತು. ಆದರೆ ಅದರ ಕೆಳಗೆ ಹೋದರೆ ಮತ್ತೆ ಜೀವ ಉಂಟು.

ಎರಡನೆಯದು ಒಂದು ಬೆಟ್ಟಸಾಲಿನ ಸೀಳು. ನಮ್ಮ ತೀರಕ್ಕೂ ಆಫ್ರಿಕಕ್ಕೂ ನಡುವೆ, ಕಡಲಿನ ಅಡಿಯಲ್ಲಿ, ಓರೆಯಾಗಿ ಮಲಗಿದ ಬೆಟ್ಟಗಳ ಸಾಲು. ಇದನ್ನು ಮೊದಲು ಗುರುತಿಸಿದ್ದು 1928ರಿಂದ 30ರವರೆಗೆ ಲೋಕ ಸುತ್ತಿದ ಡೆನ್ಮಾರ್ಕಿನ ಡಾನಾ ಹಡಗು. ಆ ಯಾನಕ್ಕೆ ಹಣ ಕೊಟ್ಟದ್ದು ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನ, ಹಾಗಾಗಿ ಬೆಟ್ಟಸಾಲಿಗೂ ಅದೇ ಹೆಸರು. ಹೌದು ಅಕ್ಕ, ಅದೇ ಬಿಯರಿನವರು. ಆ ಸಾಲಿನ ನೆತ್ತಿಯ ಉದ್ದಕ್ಕೂ ಒಂದು ಆಳವಾದ ಸೀಳು ಉಂಟು, ಪೂರ್ವ ಆಫ್ರಿಕದ ಬಿರುಕು ಕಣಿವೆಯ ಹಾಗೆಯೇ ಉಂಟು ಅಂತ ಮಬಾಹಿಸ್ ಅಳತೆಗಳನ್ನು ನೋಡಿ ವೈಸ್‌ಮನ್ ಎಂಬವರು ಮತ್ತು ಸೆವೆಲ್ 1937ರಲ್ಲಿ ಬರೆದರು. ಆ ಸೀಳಿನಲ್ಲಿ ಭೂಮಿಯ ಅತಿ ದೊಡ್ಡ ಸುದ್ದಿ ಅಡಗಿತ್ತು. ಓದಿದವರು ಕೆಲವರು, ಬೆಚ್ಚಿದವರು ಯಾರೂ ಇಲ್ಲ. ಎರಡು ವರ್ಷದಲ್ಲಿ ಮಹಾಯುದ್ಧ ಬಂತು.

ಬೆಚ್ಚಿ ಬೀಳಿಸಿದ್ದು ಒಬ್ಬ ಹೆಂಗಸು. ಮೇರಿ ಥಾರ್ಪ್. ಅಮೆರಿಕದವರು, 1920ರಲ್ಲಿ ಹುಟ್ಟಿದವರು. ಅಪ್ಪ ಊರೂರು ತಿರುಗಿ ಮಣ್ಣಿನ ನಕ್ಷೆ ಮಾಡುತ್ತಿದ್ದ ಸರಕಾರಿ ನೌಕರ. ಯುದ್ಧಕ್ಕೆ ಗಂಡಸರು ಹೋದ ಕಾರಣ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಲು ಹೆಂಗಸರಿಗೆ ಬಾಗಿಲು ತೆರೆಯಿತು, ಇವರು ಒಳಗೆ ಹೋದರು. ಆಮೇಲೆ ಗಣಿತವನ್ನೂ ಓದಿಕೊಂಡರು. ನ್ಯೂಯಾರ್ಕಿನ ಬಳಿಯ ಲಾಮಂಟ್ ಸಂಸ್ಥೆಯಲ್ಲಿ ಸಿಕ್ಕಿದ ಕೆಲಸ ಏನು? ಬ್ರೂಸ್ ಹೀಜನ್ ಮತ್ತು ಉಳಿದವರು ಹಡಗಿನಲ್ಲಿ ಹೋಗಿ ತಂದ ಅಳತೆಯ ಅಂಕಿಗಳನ್ನು ಕಾಗದದ ಮೇಲೆ ಇಳಿಸುವುದು. ಹಡಗಿಗೆ ಹೆಂಗಸರನ್ನು ಹತ್ತಿಸುತ್ತಿರಲಿಲ್ಲ. 1960ರ ದಶಕ ಅರ್ಧ ಕಳೆಯುವವರೆಗೂ ಅವರಿಗೆ ತಾನು ನಕ್ಷೆ ಬರೆಯುವ ಕಡಲಿಗೆ ಸಂಶೋಧನೆಗೆಂದು ಹೋಗಲಿಕ್ಕೆ ಆಗಲಿಲ್ಲ.

1952ರಲ್ಲಿ ಉತ್ತರ ಅಟ್ಲಾಂಟಿಕನ್ನು ದಾಟಿದ ಆರು ದಾರಿಗಳ ಆಳವನ್ನು ಒಂದರ ಕೆಳಗೊಂದು ಬರೆದು ನೋಡಿದರು. ನಡುವಿನ ಬೆಟ್ಟಸಾಲು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅದರ ನೆತ್ತಿಯಲ್ಲಿ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಆರರಲ್ಲೂ ಒಂದು ತಗ್ಗು. ಇದು ಬಿರುಕು, ಇಲ್ಲಿ ನೆಲ ಎರಡು ಕಡೆಗೆ ಎಳೆದುಕೊಂಡು ಹೋಗುತ್ತಾ ಉಂಟು ಎಂದರು ಮೇರಿ. ಹೀಜನ್ ಅದನ್ನು ಹೆಂಗಸರ ಮಾತು ಅಂತ ತಳ್ಳಿಹಾಕಿದರು. ಅವರು ಕೆಟ್ಟವರೇನಲ್ಲ, ಆಮೇಲೆ ಜೀವಮಾನವಿಡೀ ಮೇರಿಯ ಜೊತೆಗೇ ದುಡಿದರು. ಖಂಡಗಳು ಸರಿಯುತ್ತವೆ ಎನ್ನುವ ವೆಗೆನರ್ ವಾದಕ್ಕೆ ಆಗ ಅಮೆರಿಕದಲ್ಲಿ ಮರ್ಯಾದೆ ಇರಲಿಲ್ಲ, ಅದನ್ನು ಹೇಳಿದವರ ಹೆಸರು ಕೆಡುತ್ತಿತ್ತು. ಮೇರಿ ಜಗಳ ಮಾಡಲಿಲ್ಲ, ಇನ್ನಷ್ಟು ದಾರಿಗಳನ್ನು ಬರೆದರು. ಪಕ್ಕದ ಮೇಜಿನಲ್ಲಿ ಹೋವರ್ಡ್ ಫಾಸ್ಟರ್ ಎಂಬವರು, ಅವರಿಗೆ ಕಿವಿ ಕೇಳುತ್ತಿರಲಿಲ್ಲ, ಕಡಲಿನ ಅಡಿಯ ಭೂಕಂಪಗಳು ಎಲ್ಲೆಲ್ಲಿ ಆದವು ಅಂತ ಚುಕ್ಕಿ ಇಡುತ್ತಿದ್ದರು. ದೂರವಾಣಿ ತಂತಿ ಹಾಕುವವರಿಗೆ ಅದು ಬೇಕಿತ್ತು. ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಅಡಿಯಿಂದ ಬೆಳಕು ಹಿಡಿದರೆ, ಭೂಕಂಪದ ಚುಕ್ಕಿಗಳು ಸಾಲಾಗಿ ಮೇರಿಯ ಸೀಳಿನ ಒಳಗೇ ಕೂತಿದ್ದವು. ಅಲ್ಲಿಗೆ ಹೀಜನ್ ಒಪ್ಪಿದರು. ಚುಕ್ಕಿಗಳನ್ನೇ ಹಿಡಿದುಕೊಂಡು ಹೋದರೆ ಆ ಸೀಳು ಅಟ್ಲಾಂಟಿಕಿನಿಂದ ಹಿಂದೂ ಮಹಾಸಾಗರಕ್ಕೆ ಬಂದು, ನಮ್ಮ ಕಾರ್ಲ್ಸ್‌ಬರ್ಗ್ ಸಾಲಿನ ಮೂಲಕ ಏಡನ್ ಕೊಲ್ಲಿಗೆ ಹೋಗುತ್ತದೆ. ಆಫ್ರಿಕದ ಬಿರುಕು ಕಣಿವೆಗೂ ಅಲ್ಲಿಂದಲೇ ನೆಂಟಸ್ತಿಕೆ. ಜಗತ್ತಿನ ಕಡಲುಗಳೆಲ್ಲದರ ಅಡಿಯಲ್ಲಿ ಒಂದೇ ಉದ್ದನೆಯ ಬೆಟ್ಟಸಾಲು!

ನಿಖರವಾದ ಆಳದ ನಕ್ಷೆಗಳನ್ನು ಅಮೆರಿಕದ ನೌಕಾಪಡೆ ಗುಟ್ಟಾಗಿ ಇಟ್ಟಿತ್ತು, ಅಚ್ಚು ಹಾಕುವ ಹಾಗಿರಲಿಲ್ಲ. ಹಾಗಾಗಿ ಮೇರಿ ಇನ್ನೊಂದು ಉಪಾಯ ಮಾಡಿದರು. ನೀರು ಬತ್ತಿದರೆ ವಿಮಾನದಿಂದ ತಳ ಹೇಗೆ ಕಂಡೀತು, ಹಾಗೆ ಬೆಟ್ಟ ಕಣಿವೆಗಳ ಚಿತ್ರವನ್ನೇ ಬರೆದರು. 1957ರಲ್ಲಿ ಉತ್ತರ ಅಟ್ಲಾಂಟಿಕಿನದ್ದು ಬಂತು, 1977ರಲ್ಲಿ ಆಸ್ಟ್ರಿಯದ ಚಿತ್ರಗಾರ ಬೆರಾನ್ ಅವರ ಬಣ್ಣದಲ್ಲಿ ಇಡೀ ಲೋಕದ್ದು. ಆ ನೀಲಿ ನಕ್ಷೆಯನ್ನು ನೀವು ಕೂಡ ಶಾಲೆಯ ಗೋಡೆಯಲ್ಲಿಯೋ ಅಟ್ಲಾಸಿನಲ್ಲಿಯೋ ನೋಡಿರುತ್ತೀರಿ. ಫ್ರಾನ್ಸಿನ ಕಡಲಶೋಧಕ ಕುಸ್ಟೋ ಇದನ್ನೆಲ್ಲ ನಂಬಿರಲಿಲ್ಲ. ಹಡಗಿನ ಹಿಂದೆ ಕ್ಯಾಮರಾ ಕಟ್ಟಿ ತಳದಲ್ಲಿ ಎಳೆಸಿಕೊಂಡು ಹೋದರು. ಸೀಳು ಇದ್ದಲ್ಲೇ ಇತ್ತು. 1959ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಕಡಲ ವಿಜ್ಞಾನಿಗಳ ಸಮ್ಮೇಳನದಲ್ಲಿ ಆ ಚಿತ್ರವನ್ನು ಅವರೇ ತೋರಿಸಿದರು.

ಈಗ ನಮ್ಮ ಕಡಲಿನ ಸರದಿ ಮತ್ತೆ ಬಂತು. 1962ರ ನವೆಂಬರಿನಲ್ಲಿ ಓವೆನ್ ಎಂಬ ಬ್ರಿಟಿಷ್ ಹಡಗು ಕಾರ್ಲ್ಸ್‌ಬರ್ಗ್ ಸಾಲಿನ ಮೇಲೆ ಹಿಂದೆ ಮುಂದೆ ಓಡಾಡಿ, ತಳದ ಕಲ್ಲಿನ ಕಾಂತಶಕ್ತಿಯನ್ನು ಅಳೆಯಿತು. ಆಗ ಹಲವು ದೇಶಗಳು ಸೇರಿ ಹಿಂದೂ ಮಹಾಸಾಗರವನ್ನು ಅಧ್ಯಯನ ಮಾಡುತ್ತಿದ್ದ ಕಾಲ. ನಮ್ಮ ನೌಕಾಪಡೆಯ ಕಿಸ್ತ್ನಾ ಹಡಗೂ ಅದರಲ್ಲಿತ್ತು, ಅದೇ ಕೆಲಸದ ಬಾಲ ಹಿಡಿದು 1966ರಲ್ಲಿ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಹುಟ್ಟಿತು. ಓವೆನ್ ಹಡಗಿನಲ್ಲಿದ್ದವರು ಕೇಂಬ್ರಿಜ್‌ನ ಡ್ರಮಂಡ್ ಮ್ಯಾಥ್ಯೂಸ್. ಅಂಕಿಗಳನ್ನು ಬಿಡಿಸಿ ಅರ್ಥ ಮಾಡಿದವರು ಅವರ ವಿದ್ಯಾರ್ಥಿ ಫ್ರೆಡ್ ವೈನ್, 24 ವರ್ಷದ ಹುಡುಗ.

ಅರ್ಥ ಇಷ್ಟು. ಬಿರುಕಿನಿಂದ ಕರಗಿದ ಕಲ್ಲು ಮೇಲೆ ಬರುತ್ತದೆ. ಅದು ತಣಿಯುವಾಗ ಅದರೊಳಗಿನ ಕಬ್ಬಿಣದ ಕಣಗಳು ಆಗ ಭೂಮಿಯ ಉತ್ತರ ಯಾವ ಕಡೆಗಿತ್ತೋ ಆ ಗುರುತನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಮಿಯ ಕಾಂತಶಕ್ತಿಯ ದಿಕ್ಕು ಆಗಾಗ ತಿರುಗುಮುರುಗಾಗುತ್ತದೆ. ಕೊನೆಯ ಸಲ ಆದದ್ದು ಸುಮಾರು 7,80,000 ವರ್ಷದ ಹಿಂದೆ. ಬಿರುಕಿನ ಎರಡೂ ಬದಿಗೆ ಹೊಸ ನೆಲ ಸರಿಯುತ್ತಾ ಹೋದರೆ, ಒಂದು ಪಟ್ಟಿ ನೇರ, ಒಂದು ಪಟ್ಟಿ ತಿರುಗುಮುರುಗು, ಹೀಗೆ ಎರಡೂ ಕಡೆ ಒಂದೇ ಕ್ರಮದಲ್ಲಿ ಪಟ್ಟಿಗಳು ಸಿಗಬೇಕು ಎಂದು ಅವರು 1963ರಲ್ಲಿ ಬರೆದರು. ಆಮೇಲೆ ಬೇರೆ ಕಡಲುಗಳಲ್ಲಿ ಅಳೆದಾಗ ಹಾಗೆಯೇ ಸಿಕ್ಕಿತು. ಕೆನಡಾದ ಲಾರೆನ್ಸ್ ಮಾರ್ಲಿ ಅದೇ ವಿಚಾರವನ್ನು ಅದೇ ವರ್ಷ ಬರೆದು ಕಳಿಸಿದ್ದರು, ಪತ್ರಿಕೆಗಳು ಹಾಕಲಿಲ್ಲ. ಖಂಡಗಳು ಸರಿಯುತ್ತವೆ ಎನ್ನುವುದಕ್ಕೆ ಸಾಕ್ಷಿ ಸಿಕ್ಕಿದ ಬಗೆ ಇದು. ವೈನ್ ಮತ್ತು ಮ್ಯಾಥ್ಯೂಸರ ವಿಚಾರಕ್ಕೆ ಆಧಾರವಾದ ಅಳತೆಗಳು ಬಂದದ್ದು ನಮ್ಮ ಮನೆಯಿಂದ ಅಲೆಯ ಸದ್ದು ಕೇಳುವ ಈ ಅರಬ್ಬೀ ಕಡಲಿನಿಂದ ಮಾರಾಯ್ರೇ! ನಮ್ಮ ಮಕ್ಕಳಿಗೆ ಹಿಮಾಲಯದ ಶಿಖರಗಳ ಎತ್ತರ ಬಾಯಿಪಾಠ ಉಂಟು. ಈ ಬೆಟ್ಟಸಾಲಿನ ಹೆಸರು ಪಾಠದಲ್ಲಿ ಬಾರದೆ ಹೋದದ್ದು ನನಗೆ ಇಂದಿಗೂ ಸಂಕಟ.

ನೀವು ತೋನ್ಸೆ ಪಾರಿಗೆ ಹೋಗಿದ್ದೀರಲ್ಲ, ಸೈಂಟ್ ಮೇರಿ ದ್ವೀಪ ಅಂತ ಪ್ರವಾಸಿಗಳು ಹೇಳುವುದು. ಕೆತ್ತಿ ನಿಲ್ಲಿಸಿದ ಹಾಗೆ ಮೂಲೆಮೂಲೆಯ ಕಲ್ಲುಕಂಬಗಳು ಇವೆಯಲ್ಲ, ಅವು ತಣಿದ ಲಾವಾ. ಸುಮಾರು ಒಂಬತ್ತು ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬಿಟ್ಟು ಹೋಗುವಾಗ ಉಕ್ಕಿದ್ದು. ಕಾರ್ಲ್ಸ್‌ಬರ್ಗ್ ಸಾಲಿನ ಕೆಲಸ ಅದಾಗಿ ಬಹಳ ಕಾಲದ ಮೇಲೆ, ಸೆಶೆಲ್ಸ್ ನಮ್ಮಿಂದ ಬೇರೆಯಾದಾಗ, ಶುರುವಾದದ್ದು. ಇನ್ನೂ ನಿಂತಿಲ್ಲ, ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ಹೊಸ ನೆಲ ಈಗಲೂ ಹುಟ್ಟುತ್ತಾ ಉಂಟು. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಫೋಟೋ ತೆಗೆದುಕೊಂಡು ಬರುವವರಿಗೆ ಇದನ್ನು ಒಂದು ಮಾತು ಹೇಳುವವರು ಬೇಕು.

ಮನುಷ್ಯರು ಕೆಳಗೆ ಹೋಗಿದ್ದಾರಾ ಅಂತ ಕೇಳಿದಿರಿ. ಹೋಗಿದ್ದಾರೆ. 1960ರ ಜನವರಿ 23ಕ್ಕೆ ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಷ್, ಟ್ರಿಯೆಸ್ಟ್ ಎಂಬ ನೌಕೆಯ ಉಕ್ಕಿನ ಗೋಳದಲ್ಲಿ ಕೂತು, ಮರಿಯಾನಾ ಕಮರಿಯ ತಳ ಮುಟ್ಟಿದರು. ಹನ್ನೊಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಇಳಿಯಲು ಐದು ತಾಸಿನ ಹತ್ತಿರ, ದಾರಿಯಲ್ಲಿ ಹೊರಗಿನ ಒಂದು ಕಿಟಕಿ ಬಿರುಕು ಬಿಟ್ಟಿತು, ತಳದಲ್ಲಿದ್ದದ್ದು ಇಪ್ಪತ್ತು ನಿಮಿಷ. ಧೈರ್ಯವೇನೋ ಹೌದು. ಆದರೂ ನನಗೆ ಹೆಚ್ಚು ಇಷ್ಟ 1977ರದ್ದು.

ಆ ವರ್ಷ ಫೆಬ್ರವರಿಯಲ್ಲಿ ಗಲಪಗೋಸ್ ದ್ವೀಪಗಳ ಹತ್ತಿರ, ಎರಡೂವರೆ ಕಿಲೋಮೀಟರ್ ಆಳದ ಬಿರುಕಿಗೆ ಆಲ್ವಿನ್ ಎಂಬ ಸಣ್ಣ ಜಲಾಂತರ್ಗಾಮಿ ಇಳಿಯಿತು. ತಳದಲ್ಲಿ ಬಿಸಿನೀರಿನ ಬುಗ್ಗೆ ಇರಬೇಕು ಅಂತ ಊಹೆ. ಹೋದವರೆಲ್ಲ ಕಲ್ಲು ನೀರು ಓದಿದವರು, ಹಡಗಿನಲ್ಲಿ ಒಬ್ಬ ಪ್ರಾಣಿಶಾಸ್ತ್ರಜ್ಞರೂ ಇರಲಿಲ್ಲ. ಅಷ್ಟು ಆಳದ ಬೋಳು ಕಲ್ಲಿನ ಮೇಲೆ ಪ್ರಾಣಿಗಳಿಗೆ ಎಂತ ಕೆಲಸ? ಬುಗ್ಗೆ ಸಿಕ್ಕಿತು. ಅದರ ಸುತ್ತ ಕಿಕ್ಕಿರಿದ ಜೀವ. ದೊಡ್ಡ ದೊಡ್ಡ ಮರುವಾಯಿ, ಏಡಿ, ಆಳೆತ್ತರಕ್ಕೆ ಬೆಳೆಯುವ ಕೊಳವೆಹುಳುಗಳು, ರಕ್ತದ ಬಣ್ಣದ ತಲೆಯವು. ಕೆಡದ ಹಾಗೆ ಇಡಲಿಕ್ಕೆ ಔಷಧಿ ಸಾಲದೆ, ಪನಾಮಾದಲ್ಲಿ ಕೊಂಡಿದ್ದ ರಷ್ಯದ ವೋಡ್ಕಾದಲ್ಲಿ ಹಾಕಿ ತಂದರು. ಆ ಹುಳುಗಳಿಗೆ ಬಾಯಿ ಇಲ್ಲ, ಕರುಳಿಲ್ಲ. ಮೈಯೊಳಗೆ ತುಂಬಿಕೊಂಡ ಬ್ಯಾಕ್ಟೀರಿಯಾಗಳು ಬುಗ್ಗೆಯ ಗಂಧಕದ ಅನಿಲದಿಂದ ಆಹಾರ ಮಾಡಿಕೊಡುತ್ತವೆ ಅಂತ ಕೊಲೀನ್ ಕ್ಯಾವನಾ ತೋರಿಸಿದರು, ಆಗ ಅವರಿನ್ನೂ ವಿದ್ಯಾರ್ಥಿನಿ. ಬಿಸಿಲಿನಿಂದ ಹಸಿರು, ಹಸಿರಿನಿಂದ ಉಳಿದ ಜೀವ ಅಂತ ನಾನೇ ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ! ಇಲ್ಲಿ ಅಡುಗೆಗೆ ಬಿಸಿಲೇ ಬೇಡ.

ಇಂಥ ಬುಗ್ಗೆಗಳಲ್ಲಿ ತಾಮ್ರ, ಸತು, ಸ್ವಲ್ಪ ಚಿನ್ನ ಬೆಳ್ಳಿ ಕೂಡ ಗಂಧಕದ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತವೆ. 2025ರ ಸೆಪ್ಟೆಂಬರಿನಲ್ಲಿ ನಮ್ಮ ಸರಕಾರ ಅಂತಾರಾಷ್ಟ್ರೀಯ ಸಾಗರತಳ ಪ್ರಾಧಿಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಕಾರ್ಲ್ಸ್‌ಬರ್ಗ್ ಸಾಲಿನಲ್ಲಿ 10,000 ಚದರ ಕಿಲೋಮೀಟರ್, ಹದಿನೈದು ವರ್ಷ ಹುಡುಕಲಿಕ್ಕೆ. ಇನ್ನು ಚಾಲೆಂಜರ್ ಮೇಲೆತ್ತಿದ ಕಪ್ಪು ಗಂಟುಕಲ್ಲುಗಳೂ ಉಂಟು, ಕೆಲವು ತಿಮಿಂಗಿಲದ ಕಿವಿಯ ಎಲುಬಿನ ಸುತ್ತ, ಕೆಲವು ಶಾರ್ಕಿನ ಹಲ್ಲಿನ ಸುತ್ತ ಬೆಳೆದವು. ನಮ್ಮ ಗವೇಷಣಿ ಹಡಗು ಹಿಂದೂ ಮಹಾಸಾಗರದಿಂದ ಅವನ್ನು ಮೊದಲು ತಂದದ್ದು 1981ರ ಜನವರಿ 26ಕ್ಕೆ. ಈಗ ಅವಕ್ಕೆಂದೇ 75,000 ಚದರ ಕಿಲೋಮೀಟರ್ ಭಾರತದ ಪಾಲಿಗೆ ಉಂಟು. ಒಂದು ಗಂಟು ಕೆಲವೇ ಮಿಲಿಮೀಟರ್ ಬೆಳೆಯಲಿಕ್ಕೆ ಹತ್ತು ಲಕ್ಷ ವರ್ಷ ಬೇಕು. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರುವಿನ ಆಚೆಯ ಆಳದಲ್ಲಿ ಪರೀಕ್ಷೆಗೆಂದು ತಳವನ್ನು ಉತ್ತಿದ್ದರು. 26 ವರ್ಷ ಬಿಟ್ಟು ಹೋಗಿ ನೋಡಿದರೆ ನೇಗಿಲಿನ ಗೆರೆ ನಿನ್ನೆ ಎಳೆದ ಹಾಗೆ ಇತ್ತು.

ಲೋಹ ಬೇಡ ಅಂತ ನಾನು ಹೇಳುವುದಿಲ್ಲ. ಬ್ಯಾಟರಿಗೆ ಬೇಕು, ದೇಶಕ್ಕೆ ಬೇಕು. ಆದರೆ ಅಲ್ಲಿ ಎಂತ ಉಂಟು ಅಂತ ನೋಡಿ ಪಟ್ಟಿ ಮಾಡುವವರು ಮೊದಲು ಹೋಗಬೇಕು, ಅಗೆಯುವವರು ಆಮೇಲೆ. ಇಡೀ ಲೋಕದ ಕಡಲ ತಳದಲ್ಲಿ ಸರಿಯಾಗಿ ಅಳೆದು ನಕ್ಷೆ ಮಾಡಿದ್ದು ಇನ್ನೂ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕೆಲಸ ಬೇಕಾದಷ್ಟು ಬಾಕಿ ಉಂಟು ಅಕ್ಕ, ಜನ ಬೇಕು.

ಹಾಗಾಗಿ ಕಡಲ ವಿಜ್ಞಾನ ಓದುತ್ತೇನೆ ಎನ್ನುವ ನಿಮ್ಮ ಮೊಮ್ಮಗಳ ವಿಷಯದಲ್ಲಿ ನನ್ನನ್ನು ಕೇಳಿದರೆ, ಅಡ್ಡ ಬರಬೇಡಿ. ಪಿಯುಸಿಯಲ್ಲಿ ವಿಜ್ಞಾನ ಹೇಗೂ ಉಂಟು. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಉಂಟು, ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಉಂಟು, ಅಲ್ಲಿಂದ ಗೋವೆಗೆ ಎಷ್ಟು ದೂರ? ಹೆಣ್ಣುಮಕ್ಕಳನ್ನು ಹಡಗಿನಲ್ಲಿ ಕಳಿಸುವುದು ಹೇಗೆ ಅಂತ ಅವಳ ಅಪ್ಪ ಹೇಳಿದರೆ, ಗೋವೆಯ ಸಂಸ್ಥೆಯ ಅದಿತಿ ಪಂತ್ 1983ರಲ್ಲೇ ಹಡಗು ಹತ್ತಿ ಅಂಟಾರ್ಕ್ಟಿಕಕ್ಕೆ ಹೋಗಿ ಬಂದವರು ಅಂತ ಹೇಳಿ. ಅವನು ಒಪ್ಪದಿದ್ದರೆ ಇಲ್ಲಿಗೆ ಕಳಿಸಿ, ನಾನು ಮಾತಾಡುತ್ತೇನೆ. ಹುಡುಗಿಯನ್ನೂ ಕಳಿಸಿ. ಮೇರಿ ಥಾರ್ಪ್ ನಕ್ಷೆಯ ಒಂದು ದೊಡ್ಡ ಪ್ರತಿ ನನ್ನ ಹತ್ತಿರ ಉಂಟು, ಮೇಜಿನ ಮೇಲೆ ಹಾಸಿ ಕೂತರೆ ಒಂದು ಸಂಜೆ ಬೇಕು.